ಹೂಡಿಕೆ ಸಲಹೆಗಾರನ ವೃತ್ತಿ: ಅದರ ಉಗಮ ಮತ್ತು ವಿಕಾಸವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

1

ವೃತ್ತಿಗಳ ಇತಿಹಾಸವು ನಮ್ಮಲ್ಲಿ ಇನ್ನೂ ಸಾಕಷ್ಟು ಕೃಷಿಯಾಗದೆ ಉಳಿದಿರುವ ಕ್ಷೇತ್ರವಾಗಿದೆ. ರಾಜವಂಶಗಳ ಕಾಲನಿರ್ಣಯಕ್ಕೂ ಶಾಸನಗಳ ಪಾಠಪರಿಷ್ಕರಣಕ್ಕೂ ನಮ್ಮ ವಿದ್ವಾಂಸರು ತೋರಿರುವ ಶ್ರದ್ಧೆಯಲ್ಲಿ ಒಂದಂಶವೂ ವಕೀಲ, ವೈದ್ಯ, ಲೆಕ್ಕಪರಿಶೋಧಕ ಮೊದಲಾದವರ ಕಸುಬುಗಳು ಹೇಗೆ ರೂಪುಗೊಂಡುವೆಂಬ ಪ್ರಶ್ನೆಗೆ ಸಂದಿಲ್ಲ. ಈಚಿನ ವರ್ಷಗಳಲ್ಲಿ ಪದವಿ ಮುಗಿಸಿದ ವಿದ್ಯಾರ್ಥಿಗಳಲ್ಲಿ ಹಲವರು, ಅದರಲ್ಲಿಯೂ ವಾಣಿಜ್ಯ ಮತ್ತು ಅರ್ಥಶಾಸ್ತ್ರಗಳನ್ನು ಓದಿದವರು, ‘ಹೂಡಿಕೆ ಸಲಹೆಗಾರ’ನ ವೃತ್ತಿಯನ್ನು ಕೈಕೊಳ್ಳಬಹುದೇ ಎಂದು ಅಧ್ಯಾಪಕರನ್ನು ಕೇಳುವುದುಂಟು. ಪರೀಕ್ಷೆ ಯಾವುದು, ವರಮಾನವೆಷ್ಟು ಎಂಬ ಅಂಶಗಳನ್ನು ತಿಳಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ವೃತ್ತಿ ಎಲ್ಲಿಂದ ಬಂತು, ಯಾವ ಅನುಭವಗಳ ಮೂಸೆಯಲ್ಲಿ ಅದರ ಧರ್ಮ ರೂಪುಗೊಂಡಿತು ಎಂಬುದನ್ನು ಹೇಳುವ ಹೊಣೆ ಇತಿಹಾಸಕಾರನದು. ಪ್ರಕೃತ ಲೇಖನದ ಉದ್ದೇಶ ಇಷ್ಟೆ.

ಮೊದಲು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಷೇರುಗಳನ್ನು ಕೊಂಡುಕೊಡುವವನು ದಲ್ಲಾಳಿ; ಪಾಲಿಸಿಯನ್ನೋ ನಿಧಿಯ ಘಟಕಗಳನ್ನೋ ಮಾರಿಕೊಡುವವನು ಏಜೆಂಟ. ಇವರಿಬ್ಬರೂ ಸಲಹೆ ಹೇಳದೆ ಇರುವುದಿಲ್ಲ. ಆದರೆ ಇವರ ಸಂಭಾವನೆ ಹುಟ್ಟುವುದು ವ್ಯಾಪಾರ ನಡೆದಾಗ ಮಾತ್ರ. ‘ಈಗ ಏನನ್ನೂ ಕೊಳ್ಳಬೇಡಿ, ಮೊದಲು ಸಾಲ ತೀರಿಸಿ’ ಎಂಬ ಬುದ್ಧಿವಾದ ಎಷ್ಟೇ ಹಿತವಾಗಿದ್ದರೂ ಅದರಿಂದ ದಲ್ಲಾಳಿಗೆ ಕಾಸೂ ಹುಟ್ಟದು. ಸಲಹೆಗಾರನೆಂಬವನು ಹಾಗಲ್ಲ; ಅವನು ಹಣವುಳ್ಳವನಿಂದಲೇ ನೇರವಾಗಿ ಶುಲ್ಕ ಪಡೆದು, ಅವನ ಹಿತವೊಂದನ್ನೇ ನೋಡುತ್ತೇನೆಂದು ಒಪ್ಪಿಕೊಂಡವನು. ಜ್ಞಾನ, ಶುಲ್ಕ, ಅವಿಭಕ್ತ ನಿಷ್ಠೆ — ಈ ಮೂರೂ ಕೂಡಿದಾಗಲೇ ಅದು ವೃತ್ತಿ. ಈ ಮೂರು ಅಂಗಗಳು ಏಕಕಾಲದಲ್ಲಿ ಹುಟ್ಟಲಿಲ್ಲವೆಂಬುದೂ, ಕಡೆಯದು ಎಲ್ಲಕ್ಕಿಂತ ತಡವಾಗಿ, ಬಹು ಕಷ್ಟದಿಂದ ಬಂದಿತೆಂಬುದೂ ಮುಂದಿನ ವಿವೇಚನೆಯಿಂದ ವಿದಿತವಾಗುತ್ತದೆ.

2

ಭರತಖಂಡದಲ್ಲಿ ಷೇರು ವ್ಯವಹಾರದ ಮೊದಲ ಮಹಾಸಂಭ್ರಮವೂ ಮೊದಲ ಮಹಾಪತನವೂ ಮುಂಬಯಿಯಲ್ಲಿ ನಡೆದುವು. 1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣ ಸಂಸ್ಥಾನಗಳ ಬಂದರುಗಳು ಮುಚ್ಚಿಹೋದುವು. ಲ್ಯಾಂಕಷೈರಿನ ಗಿರಣಿಗಳು ಹತ್ತಿಗಾಗಿ ಮುಂಬಯಿಯತ್ತ ತಿರುಗಿದುವು. ಹತ್ತಿಯ ಬೆಲೆ ಏರಿ, ಹೊರನಾಡಿನ ಹಣ ಹೊಳೆಯಾಗಿ ಹರಿದು ಬಂದಿತು. ಆ ಹಣಕ್ಕೆ ತಕ್ಕ ದಾರಿಗಳಿರಲಿಲ್ಲ. ಆದ್ದರಿಂದ ದಾರಿಗಳನ್ನು ಕಾಗದದ ಮೇಲೆ ಸೃಷ್ಟಿಸಲಾಯಿತು. ಬ್ಯಾಂಕುಗಳು, ಹಣಕಾಸಿನ ಮಂಡಲಿಗಳು, ಸಮುದ್ರವನ್ನು ತೂರಿ ನೆಲ ಮಾಡುವ ಕಂಪನಿಗಳು ದಿನಕ್ಕೊಂದರಂತೆ ತಲೆಯೆತ್ತಿದುವು. ಅವುಗಳಲ್ಲಿ ಬ್ಯಾಕ್‌ಬೇ ಕಂಪನಿಯ ಷೇರು ಮೂಲಬೆಲೆಯ ಹಲವು ಪಟ್ಟಿಗೆ ಏರಿದುದು ಆ ಕಾಲದ ಉನ್ಮಾದಕ್ಕೆ ನಿದರ್ಶನವಾಗಿ ಉಳಿದಿದೆ.

ಈ ಸಂಭ್ರಮದ ಕೇಂದ್ರದಲ್ಲಿದ್ದವರು ಪ್ರೇಮಚಂದ್ ರಾಯಚಂದ್ (1831–1906). ಅವರು ವೃತ್ತಿಯಿಂದ ದಲ್ಲಾಳಿಗಳು. ಆದರೆ ನಗರವು ಅವರನ್ನು ಕಂಡದ್ದು ಸಲಹೆಗಾರರೆಂದೇ. 1863ರ ಕಾಯಿದೆ ಬ್ಯಾಂಕ್ ಆಫ್ ಬಾಂಬೆಗೆ ಷೇರುಗಳ ಆಧಾರದ ಮೇಲೆ ಸಾಲ ಕೊಡುವ ಸ್ವಾತಂತ್ರ್ಯವನ್ನಿತ್ತ ಮೇಲೆ, ಯಾರಿಗೆ ಸಾಲ ಸಲ್ಲಬೇಕೆಂಬ ವಿಷಯದಲ್ಲಿ ಅವರ ಮಾತಿಗೆ ಅಸಾಧಾರಣವಾದ ತೂಕ ಬಂದಿತು. ಷೇರನ್ನು ಎಬ್ಬಿಸುವವರೂ, ಮಾರುವವರೂ, ಕೊಳ್ಳಲು ಸಾಲ ಕೊಡಿಸುವವರೂ, ಕೊಳ್ಳುವುದು ಒಳ್ಳೆಯದೆಂದು ಹೇಳುವವರೂ ಒಬ್ಬರೇ ಆದರು. ಅವರ ವ್ಯಕ್ತಿಗತ ಪ್ರಾಮಾಣಿಕತೆಯನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ದಾನಶೀಲತೆಯಲ್ಲಿ ಅವರು ಹಿರಿಯರು. ಮುಂಬಯಿ ವಿಶ್ವವಿದ್ಯಾನಿಲಯದ ಗಡಿಯಾರ ಗೋಪುರವು ಅವರ ತಾಯಿ ರಾಜಾಬಾಯಿಯವರ ಹೆಸರನ್ನು ಇಂದಿಗೂ ಹೊತ್ತು ನಿಂತಿದೆ. ನಾವು ಗಮನಿಸಬೇಕಾದುದು ಆ ಸ್ಥಾನದ ಸ್ವರೂಪವನ್ನು. ಅಂತಹ ಸ್ಥಾನದಲ್ಲಿ ಕುಳಿತವನು ಸಾಧುವಾದರೂ ಅವನ ಸಲಹೆ ನಿಷ್ಪಕ್ಷವಾಗಿರಲು ಶಕ್ಯವಿಲ್ಲ.

1865ರ ಏಪ್ರಿಲಿನಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಅದೇ ವರ್ಷ ಜುಲೈ 1ರಂದು ವಾಯಿದೆ ವ್ಯವಹಾರಗಳು ಚುಕ್ತಾ ಆಗಬೇಕಾಗಿದ್ದುವು, ಅಂದು ಕೊಡುವವರಿರಲಿಲ್ಲ. ಪ್ರೇಮಚಂದರೂ ದಿವಾಳಿಯಾದರು; ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಸಮಾಪ್ತಿಗೊಂಡಿತು. ಈ ಪತನದಿಂದ ಹುಟ್ಟಿದ ಸಂಸ್ಥೆ ಯಾವುದು? 1875ರಲ್ಲಿ ಸ್ಥಾಪಿತವಾದ ದೇಶೀಯ ಷೇರು ದಲ್ಲಾಳಿಗಳ ಸಂಘ. ಅಂದರೆ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. ದಲ್ಲಾಳಿಗಳು ತಮ್ಮ ಹಿತವನ್ನೂ ತಮ್ಮೊಳಗಿನ ಶಿಸ್ತನ್ನೂ ಕಾಯ್ದುಕೊಳ್ಳಲು ಸಂಘ ಕಟ್ಟಿದರು. ಕೊಳ್ಳುವವನ ಪಕ್ಷದಲ್ಲಿ ನಿಲ್ಲುವ ಯಾವ ವೃತ್ತಿಯೂ ಹುಟ್ಟಲಿಲ್ಲ. ಪತನವೇ ಸಲಹೆಗಾರನ ವೃತ್ತಿಯನ್ನು ಹುಟ್ಟಿಸುವುದೆಂಬ ಸಾಮಾನ್ಯ ಅಭಿಪ್ರಾಯಕ್ಕೆ ಇದು ಮೊದಲ ಬಾಧಕ.

3

ಕನ್ನಡ ನಾಡಿನ ನೆಲಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿಯೇ ಸ್ಮರಿಸಬಹುದು. 1879ರಿಂದ ಮೂರು ನಾಲ್ಕು ವರ್ಷಗಳ ಕಾಲ ವಯನಾಡಿನ ಚಿನ್ನದ ಕಂಪನಿಗಳ ಷೇರುಗಳಿಗಾಗಿ ಲಂಡನ್ನಿನಲ್ಲಿ ನೂಕುನುಗ್ಗಲಾಯಿತು. ಆಸ್ಟ್ರೇಲಿಯದಿಂದ ಬಂದ ಬ್ರೋ ಸ್ಮಿತ್ ಎಂಬ ಗಣಿ ತಜ್ಞರು 1880ರಲ್ಲಿ ಸಲ್ಲಿಸಿದ ಆಶಾದಾಯಕ ವರದಿ ಆ ಉತ್ಸಾಹಕ್ಕೆ ಗಾಳಿ ಹಾಕಿತು. ಕೆಲವೇ ವರ್ಷಗಳಲ್ಲಿ ಆ ಕಂಪನಿಗಳು ಹೆಚ್ಚುಕಡಮೆ ಎಲ್ಲವೂ ಮುಳುಗಿದುವು. ಅದೇ ಕಾಲದಲ್ಲಿ, 1880ರಲ್ಲಿ, ಕೋಲಾರದ ಚಿನ್ನಕ್ಕಾಗಿ ಲಂಡನ್ನಿನಲ್ಲಿ ಏರ್ಪಟ್ಟ ಮೈಸೂರು ಗಣಿ ಕಂಪನಿಯೂ ನಾಲ್ಕು ವರ್ಷಗಳೊಳಗೆ ಬಂಡವಾಳವನ್ನು ಬಹುಮಟ್ಟಿಗೆ ಕಳೆದುಕೊಂಡು ಕೈಚೆಲ್ಲುವ ಸ್ಥಿತಿಗೆ ಬಂದಿತ್ತು. ಆಗ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಉಳಿದ ಹಣವನ್ನೂ ತೊಡಗಿಸಿ ಮುಂದುವರಿಯಬೇಕೆಂದು ಬುದ್ಧಿ ಹೇಳಿದರು, ಷೇರುದಾರರು ಒಪ್ಪಿದರು, ಚಾಂಪಿಯನ್ ಪದರವು ಸಿಕ್ಕಿ ಕೋಲಾರವು ಜಗತ್ಪ್ರಸಿದ್ಧವಾಯಿತು.

ಎರಡೂ ಕಡೆ ತಜ್ಞರಿದ್ದರು. ಒಂದು ಕಡೆಯ ಸಲಹೆ ಕೆಟ್ಟಿತು, ಇನ್ನೊಂದು ಕಡೆಯದು ಫಲಿಸಿತು. ಆದರೆ ಲಂಡನ್ನಿನಲ್ಲಿ ಕುಳಿತ ಷೇರುದಾರನಿಗೆ ಇವೆರಡರ ತಾರತಮ್ಯವನ್ನು ತಿಳಿಯುವ ಸಾಧನವೇ ಇರಲಿಲ್ಲ. ಟೇಲರ್ ಸಂಸ್ಥೆಯವರೂ ಗಣಿಯ ವ್ಯವಸ್ಥಾಪಕರೇ ಆಗಿದ್ದರು; ಗಣಿ ಮುಂದುವರಿಯುವುದರಲ್ಲಿ ಅವರಿಗೂ ಲಾಭವಿತ್ತು. ಸಲಹೆ ಫಲಿಸಿತೆಂಬ ಮಾತ್ರಕ್ಕೆ ಅದು ನಿಷ್ಪಕ್ಷವಾಗಿತ್ತೆಂದು ಹೇಳಲಾಗದು. ಫಲಿಸಲಿಲ್ಲವೆಂಬ ಮಾತ್ರಕ್ಕೆ ಅದು ಮೋಸವೆಂದೂ ಹೇಳಲಾಗದು. ಫಲವನ್ನು ನೋಡಿ ಸಲಹೆಗಾರನನ್ನು ಅಳೆಯುವ ನಮ್ಮ ವಾಡಿಕೆ ಎಷ್ಟು ದುರ್ಬಲವೆಂಬುದನ್ನು ಈ ಜೋಡಿ ಪ್ರಸಂಗಗಳು ತೋರಿಸಿಕೊಡುತ್ತವೆ. ಫಲ ಭವಿಷ್ಯದಲ್ಲಿದೆ, ಸಲಹೆ ಕೇಳುವ ದಿನ ಪರೀಕ್ಷಿಸಲು ಸಿಕ್ಕುವುದು ಹೇಳುವವನ ಸ್ಥಾನ ಒಂದೇ.

4

ಶುಲ್ಕಕ್ಕಾಗಿ ಸಲಹೆ ಹೇಳುವುದನ್ನೇ ಕಸುಬಾಗಿ ಮಾಡಿಕೊಂಡ ಮೊದಲಿಗರನ್ನು ನಾವು ಕಾಣುವುದು ಅಮೆರಿಕದಲ್ಲಿ. 1919ರಲ್ಲಿ ಬಾಸ್ಟನ್ ನಗರದಲ್ಲಿ ಥಿಯೊಡೋರ್ ಸ್ಕಡರ್ ಎಂಬವರು ಜೊತೆಗಾರರೊಡನೆ ಸ್ಕಡರ್, ಸ್ಟೀವನ್ಸ್ ಅಂಡ್ ಕ್ಲಾರ್ಕ್ ಸಂಸ್ಥೆಯನ್ನು ತೆರೆದರು. ಷೇರುಗಳನ್ನಾಗಲಿ ಸಾಲಪತ್ರಗಳನ್ನಾಗಲಿ ಮಾರುವುದನ್ನು ಬಿಟ್ಟು, ಕಕ್ಷಿದಾರನ ಒಟ್ಟು ಹಣಕ್ಕೆ ತಕ್ಕಂತೆ ಶುಲ್ಕ ಪಡೆಯುವ ಪದ್ಧತಿಯನ್ನು ಅವರು ರೂಢಿಗೆ ತಂದರು.

ಈ ಕಾಲವನ್ನು ಗಮನಿಸಬೇಕು. ಅಮೆರಿಕದ ಮಹಾಪತನವಾದದ್ದು 1929ರ ಅಕ್ಟೋಬರಿನಲ್ಲಿ. ವೃತ್ತಿ ಹುಟ್ಟಿದ್ದು ಅದಕ್ಕೆ ಹತ್ತು ವರ್ಷ ಹಿಂದೆ. ಹಾಗಾದರೆ ಕಾರಣವೇನು? ಮೊದಲನೆಯ ಮಹಾಯುದ್ಧದ ಖರ್ಚಿಗಾಗಿ 1917ರಿಂದ 1919ರವರೆಗೆ ಅಮೆರಿಕದ ಸರ್ಕಾರ ಐದು ಸಾರ್ವಜನಿಕ ಸಾಲಗಳನ್ನೆತ್ತಿ ಸುಮಾರು 21 ಶತಕೋಟಿ ಡಾಲರುಗಳನ್ನು ಕೂಡಿಸಿತು. ಸಾಲಪತ್ರವೆಂಬುದನ್ನೇ ಕಂಡರಿಯದ ಶಾಲಾಮಾಸ್ತರರು, ಅಂಗಡಿಕಾರರು, ವಿಧವೆಯರು ಮೊದಲ ಬಾರಿಗೆ ಅದರ ಒಡೆಯರಾದರು. ಮುಂಬಯಿಯಲ್ಲಿ 1865ರಲ್ಲಿ ಕೆಟ್ಟವರು ಬಹುಮಟ್ಟಿಗೆ ವ್ಯಾಪಾರಿಗಳು. ಮಾರುಕಟ್ಟೆಯ ರೀತಿನೀತಿಗಳನ್ನು ಬಲ್ಲವರು. ಸಲಹೆಗೆ ನೆಂಟರು, ಜಾತಿಬಾಂಧವರು, ಪೇಟೆಯ ಹಿರಿಯರು ಇದ್ದವರು. ಅಮೆರಿಕದ ಈ ಹೊಸ ಒಡೆಯರಿಗೆ ಅಂತಹ ಬಳಗವಿರಲಿಲ್ಲ. ಹಣ ಅಪರಿಚಿತರ ಕೈಗೆ ಹರಡಿದಾಗಲೇ ಸಲಹೆಗೆ ಬೆಲೆ ಕಟ್ಟುವ ಅಗತ್ಯ ಹುಟ್ಟಿತು. ಆದ್ದರಿಂದ ವೃತ್ತಿಗೆ ತಾಯಿ ಒಡೆತನದ ವಿಸ್ತರಣ. ಪತನವು ಅದಕ್ಕೆ ಕಾಯಿದೆಯ ಕಟ್ಟನ್ನು ತೊಡಿಸಿದ ಗುರು ಎಂದು ಹೇಳಬಹುದು.

ಗುರುವಿನ ಪಾಠ ಕಠೋರವಾಗಿತ್ತು. ಡೌ ಜೋನ್ಸ್ ಸೂಚ್ಯಂಕವು 1929ರ ಸೆಪ್ಟೆಂಬರ್ 3ರಂದು 381.17ರಲ್ಲಿದ್ದುದು 1932ರ ಜುಲೈ 8ರಂದು 41.22ಕ್ಕೆ ಇಳಿಯಿತು. ನೂರು ಡಾಲರು ಹನ್ನೊಂದು ಡಾಲರಾಯಿತು. 1933ರಲ್ಲಿ ಫರ್ಡಿನೆಂಡ್ ಪೆಕೋರ ಎಂಬ ನ್ಯಾಯವಾದಿಗಳು ಸೆನೆಟ್ ಸಮಿತಿಯ ಮುಂದೆ ನಡೆಸಿದ ವಿಚಾರಣೆಯಲ್ಲಿ, ನ್ಯಾಷನಲ್ ಸಿಟಿ ಬ್ಯಾಂಕಿನ ಅಂಗಸಂಸ್ಥೆಯು ಪೆರು ದೇಶದ ಸಾಲಪತ್ರಗಳನ್ನು ಸಾಮಾನ್ಯ ಜನರಿಗೆ ಮಾರಿದ ಬಗೆ ಬೆಳಕಿಗೆ ಬಂದಿತು. ಆ ದೇಶದ ಸಾಲದ ಚರಿತ್ರೆ ಕೆಟ್ಟದ್ದೆಂದು ಸಂಸ್ಥೆಯ ಸ್ವಂತ ವರದಿಗಳೇ ಹೇಳಿದ್ದರೂ ಕೊಳ್ಳುವವರಿಗೆ ಅದನ್ನು ತಿಳಿಸಿರಲಿಲ್ಲ. 1931ರಲ್ಲಿ ಪೆರು ಬಡ್ಡಿಯನ್ನು ನಿಲ್ಲಿಸಿತು. ಇಲ್ಲಿ ಜ್ಞಾನದ ಕೊರತೆಯಿರಲಿಲ್ಲ. ಜ್ಞಾನವು ಕಪಾಟಿನಲ್ಲಿಯೇ ಇತ್ತು. ಅದನ್ನು ಹೊರಗೆ ತೆಗೆಯುವುದು ಮಾರುವವನ ಹಿತಕ್ಕೆ ವಿರುದ್ಧವಾಗಿತ್ತು.

5

1933 ಮತ್ತು 1934ರ ಕಾಯಿದೆಗಳು ಷೇರುಗಳನ್ನು ಹೊರಡಿಸುವವರನ್ನೂ ಮಾರುವವರನ್ನೂ ಹತೋಟಿಗೆ ತಂದುವು. ಸಲಹೆಗಾರನ ಸರದಿ ಬಂದದ್ದು 1940ರ ಆಗಸ್ಟ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರ ಅಂಕಿತ ಪಡೆದ ಹೂಡಿಕೆ ಸಲಹೆಗಾರರ ಕಾಯಿದೆಯಿಂದ. ಅದರ ಮುಖ್ಯ ವಿಧಿಗಳು ಸರಳವಾದುವು. ಸಲಹೆಗಾರನು ಹೆಸರು ನೋಂದಾಯಿಸಿಕೊಳ್ಳಬೇಕು. ಕಕ್ಷಿದಾರನ ಒಪ್ಪಿಗೆಯಿಲ್ಲದೆ ಕರಾರನ್ನು ಇನ್ನೊಬ್ಬರಿಗೆ ದಾಟಿಸಕೂಡದು. ವಂಚನೆಯ ಯಾವ ಉಪಾಯಕ್ಕೂ ಕೈಹಾಕಕೂಡದು. ಕಕ್ಷಿದಾರನ ಲಾಭದಲ್ಲಿ ಪಾಲು ಪಡೆಯಕೂಡದು. ಕಡೆಯ ವಿಧಿ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಆದರೆ ಲಾಭದಲ್ಲಿ ಪಾಲುಂಟು, ನಷ್ಟದಲ್ಲಿ ಇಲ್ಲ ಎಂದಾದರೆ, ಪರರ ಹಣವನ್ನು ಪಣವಾಗಿಟ್ಟು ಜೂಜಾಡುವ ಪ್ರಲೋಭನೆ ಯಾರಿಗೂ ಸಹಜ. ಶ್ರೀಮಂತ ಕಕ್ಷಿದಾರರ ವಿಷಯದಲ್ಲಿ ಈ ನಿಷೇಧವನ್ನು ಮುಂದೆ ಸಡಿಲಿಸಲಾಯಿತು.

ಕಾಯಿದೆಯ ಅಂತರಾರ್ಥ ಸ್ಪಷ್ಟವಾದುದು 1963ರಲ್ಲಿ. ಒಂದು ಸಂಶೋಧನ ಸಂಸ್ಥೆ ವರ್ಷಕ್ಕೆ 18 ಡಾಲರ್ ಚಂದಾ ಪಡೆದು ಸುಮಾರು 5,000 ಮಂದಿಗೆ ಮಾಸಿಕ ವರದಿಯನ್ನು ಕಳುಹಿಸುತ್ತಿತ್ತು. 1960ರಲ್ಲಿ ಆರು ಬಾರಿ, ಒಂದು ಷೇರನ್ನು ದೀರ್ಘಕಾಲಕ್ಕೆ ಕೊಳ್ಳಲು ಯೋಗ್ಯವೆಂದು ಶಿಫಾರಸು ಮಾಡುವುದಕ್ಕೆ ಮುಂಚೆ ತಾನೇ ಅದನ್ನು ಕೊಂಡು, ವರದಿ ಓದಿದವರಿಂದ ಬೆಲೆ ಏರಿದೊಡನೆ ಕೆಲವೇ ದಿನಗಳಲ್ಲಿ ಮಾರಿಬಿಟ್ಟಿತು. ಶಿಫಾರಸು ಸುಳ್ಳೆಂದು ಯಾರೂ ತೋರಿಸಿರಲಿಲ್ಲ. ಓದುಗರಿಗೆ ನಷ್ಟವಾಯಿತೆಂದೂ ಸಾಬೀತಾಗಿರಲಿಲ್ಲ. ಆದರೂ ಡಿಸೆಂಬರ್ 9ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಆರ್ಥರ್ ಗೋಲ್ಡ್‌ಬರ್ಗ್ ಅವರು ಬರೆದ ತೀರ್ಪಿನಲ್ಲಿ, ಸಲಹೆಗಾರನು ನಂಬಿಕೆಯ ಹೊಣೆ ಹೊತ್ತವನು, ತನ್ನ ಸ್ವಾರ್ಥವನ್ನು ಕಕ್ಷಿದಾರನಿಂದ ಮರೆಮಾಡುವುದೇ ದೋಷ, ಕೇಡು ಬಗೆಯುವ ಉದ್ದೇಶವನ್ನೋ ಆದ ನಷ್ಟವನ್ನೋ ರುಜುಪಡಿಸಬೇಕಾಗಿಲ್ಲ ಎಂದು ಸಾರಿತು. ವಯನಾಡು–ಕೋಲಾರಗಳ ಪ್ರಸಂಗದಿಂದ ನಾವು ಗ್ರಹಿಸಿದ ತತ್ತ್ವವು, ಅಂದರೆ ಸಲಹೆಗಾರನನ್ನು ಫಲದಿಂದಲ್ಲ, ಸ್ಥಾನದಿಂದ ಅಳೆಯಬೇಕೆಂಬುದು, ಇಲ್ಲಿ ನ್ಯಾಯದ ಮಾತಾಯಿತು.

ಅದೇ ವರ್ಷ ಜೂನಿನಲ್ಲಿ ವೃತ್ತಿಯ ಜ್ಞಾನಾಂಗವೂ ಪುಷ್ಟಿಗೊಂಡಿತು. ಡೇವಿಡ್ ಡಾಡ್ ಅವರೊಡನೆ 1934ರಲ್ಲಿ ಷೇರು ವಿಶ್ಲೇಷಣೆಯ ಶಾಸ್ತ್ರಗ್ರಂಥವನ್ನು ರಚಿಸಿದ ಬೆಂಜಮಿನ್ ಗ್ರಹಾಂ, ವಿಶ್ಲೇಷಕರಿಗೆ ವೈದ್ಯರಿಗಿರುವಂತೆ ಅರ್ಹತಾಪರೀಕ್ಷೆ ಬೇಕೆಂದು ನಾಲ್ವತ್ತರ ದಶಕದಿಂದಲೇ ವಾದಿಸುತ್ತಿದ್ದರು. ಆ ಪರೀಕ್ಷೆ 1963ರಲ್ಲಿ ಮೊದಲ ಬಾರಿ ನಡೆದಾಗ 284 ಮಂದಿ ಕುಳಿತರು. ಅದೇ ಇಂದು ಸಿ.ಎಫ್.ಎ. ಎಂದು ಲೋಕಪ್ರಸಿದ್ಧವಾಗಿದೆ.

6

ಅದೇ 1963ರಲ್ಲಿ ಭಾರತ ಹಿಡಿದ ದಾರಿ ಬೇರೆ. ಬೆಂಗಳೂರಿನ ಷೇರು ವಿನಿಮಯ ಕೇಂದ್ರ ನೆಲೆಗೊಂಡದ್ದು ಆ ವರ್ಷವೇ. ಅದು 2014ರಲ್ಲಿ ವ್ಯವಹಾರದಿಂದ ನಿರ್ಗಮಿಸಿತು. ಆದರೆ ಆ ವರ್ಷದ ಹಿರಿಯ ಘಟನೆಯೆಂದರೆ ಯೂನಿಟ್ ಟ್ರಸ್ಟ್ ಕಾಯಿದೆ. 1947ರಿಂದ ಬಂಡವಾಳ ನಿಯಂತ್ರಣಾಧಿಕಾರಿಯು ಹೊಸ ಷೇರುಗಳ ಬೆಲೆಯನ್ನು ಗೊತ್ತುಪಡಿಸುತ್ತಿದ್ದನು. 1956ರಿಂದ ಜೀವವಿಮೆ ರಾಷ್ಟ್ರದ ಸ್ವತ್ತಾಗಿತ್ತು. 1964ರ ಜುಲೈನಲ್ಲಿ ಯೂನಿಟ್ ಟ್ರಸ್ಟಿನ ‘ಯು.ಎಸ್. 64’ ಯೋಜನೆ ಆರಂಭವಾಯಿತು. ಮಧ್ಯಮ ವರ್ಗದ ಗೃಹಸ್ಥನ ಪರವಾಗಿ ಆಯ್ಕೆ ಮಾಡುವ ಭಾರವನ್ನು ಸರ್ಕಾರವೇ ಹೊತ್ತುಕೊಂಡಿತು. ಮನೆಗೆ ಬರುತ್ತಿದ್ದವನು ಏಜೆಂಟ. ಅವನಿಗೆ ಕಮಿಷನ್ನು ಸಂಸ್ಥೆಯಿಂದ ಸಲ್ಲುತ್ತಿತ್ತು. ‘ಸಲಹೆ ಪುಕ್ಕಟೆ’ ಎಂಬ ಭಾವನೆ ಬೇರೂರಿದ್ದು ಈ ಮೂರು ದಶಕಗಳಲ್ಲಿ.

1992ರಲ್ಲಿ ಸ್ಥಿತಿ ಬದಲಾಯಿತು. ಬಂಡವಾಳ ನಿಯಂತ್ರಣ ರದ್ದಾಯಿತು. 1988ರಲ್ಲಿ ನೇಮಕಗೊಂಡಿದ್ದ ಸೆಬಿ ಮಂಡಲಿಗೆ ಶಾಸನಬದ್ಧ ಅಧಿಕಾರ ಬಂದಿತು. ಅದೇ ವರ್ಷ ಏಪ್ರಿಲಿನಲ್ಲಿ ಹರ್ಷದ್ ಮೆಹ್ತಾ ಎಂಬ ದಲ್ಲಾಳಿಯು ಬ್ಯಾಂಕುಗಳ ಹಣವನ್ನು ಷೇರುಪೇಟೆಗೆ ತಿರುಗಿಸಿದ ಹಗರಣ ಬಯಲಾಯಿತು. 1865ರ ಮುಂಬಯಿಯೊಡನೆ ಇದಕ್ಕಿರುವ ಹೋಲಿಕೆ ಯಾರಿಗಾದರೂ ಎದ್ದು ಕಾಣುತ್ತದೆ: ಬ್ಯಾಂಕಿನ ಹಣ, ದಲ್ಲಾಳಿಯ ಮಾತು, ಏರುವ ಬೆಲೆಯನ್ನೇ ಸಾಕ್ಷಿಯೆಂದು ನಂಬಿದ ಜನ. ಒಂಬತ್ತು ವರ್ಷಗಳ ಬಳಿಕ, 2001ರ ಜುಲೈನಲ್ಲಿ, ಯು.ಎಸ್. 64 ಯೋಜನೆಯೇ ಮಾರಾಟವನ್ನೂ ಮರುಖರೀದಿಯನ್ನೂ ಸ್ಥಗಿತಗೊಳಿಸಬೇಕಾಯಿತು. ಸರ್ಕಾರವೇ ಆರಿಸಿಕೊಡುವುದೆಂಬ ನೆಮ್ಮದಿ ಅಂದಿಗೆ ಮುಗಿಯಿತು.

ಇಲ್ಲಿಂದ ಮುಂದಿನ ಹೆಜ್ಜೆಗಳು ನಿಷ್ಠೆಯನ್ನು ಮಾರಾಟದಿಂದ ಬೇರ್ಪಡಿಸುವ ಪ್ರಯತ್ನಗಳೇ ಆಗಿವೆ. ಮ್ಯೂಚುವಲ್ ಫಂಡಿನಲ್ಲಿ ಒಂದು ಲಕ್ಷ ರೂಪಾಯಿ ತೊಡಗಿಸಿದವನ ಹಣದಿಂದ ನೂರಕ್ಕೆ 2.25ರವರೆಗೆ, ಅಂದರೆ 2,250 ರೂಪಾಯಿವರೆಗೆ, ಪ್ರವೇಶ ಶುಲ್ಕವಾಗಿ ಮುರಿದುಕೊಳ್ಳುವ ರೂಢಿಯಿತ್ತು. ಮಾರಿದವನ ಕಮಿಷನ್ನು ಅದರಿಂದಲೇ ಸಲ್ಲುತ್ತಿತ್ತು. 2009ರ ಆಗಸ್ಟ್ 1ರಿಂದ ಸೆಬಿ ಇದನ್ನು ನಿಲ್ಲಿಸಿತು. 2013ರ ಜನವರಿಯಲ್ಲಿ ಹೂಡಿಕೆ ಸಲಹೆಗಾರರ ನಿಯಮಗಳು ಪ್ರಕಟವಾದುವು. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕವಾದ ಕಾನೂನಿನ ಅಸ್ತಿತ್ವ ಬಂದದ್ದು ಆಗ, ಅಮೆರಿಕದ ಕಾಯಿದೆಗೆ ಎಪ್ಪತ್ತೆರಡು ವರ್ಷಗಳ ಬಳಿಕ. 2020ರ ತಿದ್ದುಪಡಿಯ ಪ್ರಕಾರ ಒಬ್ಬನೇ ಕಕ್ಷಿದಾರನಿಗೆ ಸಲಹೆಯನ್ನೂ ಹೇಳಿ ಮಾರಾಟದ ಕಮಿಷನ್ನನ್ನೂ ಪಡೆಯುವಂತಿಲ್ಲ, ಶುಲ್ಕಕ್ಕೂ ಮಿತಿಯುಂಟು. ಆಗ ಸ್ನಾತಕೋತ್ತರ ವಿದ್ಯಾರ್ಹತೆಯನ್ನೂ ಐದು ವರ್ಷಗಳ ಅನುಭವವನ್ನೂ ಕೇಳಲಾಗಿತ್ತು. 2024ರ ಡಿಸೆಂಬರಿನಲ್ಲಿ ಇವನ್ನು ಸಡಿಲಿಸಿ, ಪದವಿಯೂ ರಾಷ್ಟ್ರೀಯ ಷೇರುಪೇಟೆ ಶಿಕ್ಷಣ ಸಂಸ್ಥೆಯ ಪರೀಕ್ಷೆಗಳ ತೇರ್ಗಡೆಯೂ ಇದ್ದರೆ ಸಾಕೆಂದು ಬಾಗಿಲನ್ನು ಅಗಲಗೊಳಿಸಲಾಯಿತು.

7

ಬಾಗಿಲು ಅಗಲವಾಗಿದೆ, ಒಳಗೆ ಬಂದವರು ಮಾತ್ರ ವಿರಳ. 2024ರಲ್ಲಿ ದೇಶದ ಡಿಮ್ಯಾಟ್ ಖಾತೆಗಳ ಸಂಖ್ಯೆ 15 ಕೋಟಿಯನ್ನು ದಾಟಿತು. ನೋಂದಾಯಿತ ಸಲಹೆಗಾರರಾದರೋ ಸಾವಿರದ ಆಸುಪಾಸಿನಲ್ಲಿದ್ದರು. ಒಡೆತನ ಹರಡಿದಲ್ಲಿ ಸಲಹೆಯ ವೃತ್ತಿ ಹುಟ್ಟುವುದೆಂದು ನಾವು ಹೇಳಿದ ಸೂತ್ರಕ್ಕೆ ಇದು ಬಾಧಕವಲ್ಲವೇ ಎಂಬ ಆಕ್ಷೇಪಣೆ ಬರಬಹುದು. ಬಾಧಕವಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಅಗತ್ಯ ಹುಟ್ಟಿದೆ, ಬೆಲೆ ಕೊಡುವ ಅಭ್ಯಾಸ ಹುಟ್ಟಿಲ್ಲ. ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು, ಐದು ಸಾವಿರ ರೂಪಾಯಿ ಶುಲ್ಕ ಕೊಟ್ಟು ಸಲಹೆ ಕೇಳುವುದು ದುಂದೆಂದು ಬಗೆದು, ತಾವು ಬಹುಕಾಲದಿಂದ ನಂಬಿದ್ದ ಒಂದು ಕಚೇರಿಯವರ ‘ಪುಕ್ಕಟೆ’ ಮಾತಿನ ಮೇಲೆ ನಿವೃತ್ತಿಯ ಹಣದ ದೊಡ್ಡ ಭಾಗವನ್ನು ಹತ್ತು ವರ್ಷ ತೆಗೆಯಲಾಗದ ಒಂದು ಪಾಲಿಸಿಗೆ ಕಟ್ಟಿದರು. ಎರಡನೆಯ ವರ್ಷ ಪತ್ನಿಯ ಚಿಕಿತ್ಸೆಗೆ ಹಣ ಬೇಕಾದಾಗ, ಕಟ್ಟಿದುದರಲ್ಲಿ ಕೈಗೆ ಬಂದದ್ದು ಅರ್ಧಕ್ಕಿಂತ ಕಡಮೆ. ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಕರಾರಿನಲ್ಲಿ ಎಲ್ಲವೂ ಅಚ್ಚಾಗಿತ್ತು. ಆದರೆ ‘ನಿಮಗೆ ಇದು ತಕ್ಕುದಲ್ಲ’ ಎಂದು ಹೇಳುವುದರಿಂದ ಲಾಭವಿದ್ದವರು ಆ ಕೊಠಡಿಯಲ್ಲಿ ಒಬ್ಬರೂ ಇರಲಿಲ್ಲ. ಪೆರುವಿನ ಸಾಲಪತ್ರದ ಕಥೆ ನಮ್ಮ ಊರಿನ ಬೀದಿಯಲ್ಲಿ ಮತ್ತೆ ನಡೆಯಿತು.

ಆದ್ದರಿಂದ ಈ ವೃತ್ತಿಯನ್ನು ಹಿಡಿಯಬೇಕೆನ್ನುವ ತರುಣರಿಗೆ ಇತಿಹಾಸವು ಎರಡು ಮಾತುಗಳನ್ನು ಹೇಳುತ್ತದೆ. ಒಂದು, ಪೇಟೆಯ ಮುಂದಿನ ಗತಿಯನ್ನು ಬಲ್ಲೆನೆಂಬುದು ಈ ವೃತ್ತಿಯ ಬಂಡವಾಳವಲ್ಲ. ಪ್ರೇಮಚಂದರಿಗಿಂತ ಪೇಟೆಯನ್ನು ಚೆನ್ನಾಗಿ ಬಲ್ಲವರು ಅವರ ಕಾಲದಲ್ಲಿ ಯಾರಿದ್ದರು? ಎರಡು, ವೃತ್ತಿಯೊಂದರ ಗೌರವವು ಅದು ಏನನ್ನು ತೆಗೆದುಕೊಳ್ಳುತ್ತದೆ ಎಂಬುದಕ್ಕಿಂತ ಏನನ್ನು ಬೇಡವೆನ್ನುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ. ಔಷಧದ ಅಂಗಡಿಯಿಂದ ಪಾಲು ಬೇಡವೆಂದಾಗ ವೈದ್ಯನು ವೈದ್ಯನಾಗುತ್ತಾನೆ. ಎದುರು ಪಕ್ಷದ ಹಣ ಬೇಡವೆಂದಾಗ ವಕೀಲನು ವಕೀಲನಾಗುತ್ತಾನೆ. ಕಮಿಷನ್ನು ಬೇಡವೆಂದವನು ಆರಂಭದ ವರ್ಷಗಳಲ್ಲಿ ಬಡವನಾಗಿಯೇ ಇರಬೇಕಾದೀತು. ತನ್ನ ಶುಲ್ಕವನ್ನು ಬಾಯಿಬಿಟ್ಟು ಕೇಳುವ ಸಂಕೋಚವನ್ನೂ ಅವನು ಗೆಲ್ಲಬೇಕಾದೀತು. ಹಾಗೆ ಗೆದ್ದವರು ಪ್ರತಿ ಜಿಲ್ಲೆಗೆ ಹತ್ತು ಮಂದಿ ಇದ್ದರೂ ಅನೇಕ ಸಂಸಾರಗಳ ಮುಪ್ಪಿನ ಕಾಲವು ನೆಮ್ಮದಿಯಾದೀತು. ಕಾಯಿದೆಯು ಇಂದು ಅವರಿಗೆ ಸ್ಥಾನವನ್ನು ಕಟ್ಟಿಕೊಟ್ಟಿದೆ. ಆ ಸ್ಥಾನದಲ್ಲಿ ಕುಳಿತುಕೊಳ್ಳುವವರನ್ನು ಸಿದ್ಧಗೊಳಿಸುವ ಕೆಲಸ ನಮ್ಮ ಕಾಲೇಜುಗಳದು. ಅವರ ಮಾತಿಗೆ ನ್ಯಾಯವಾದ ಬೆಲೆ ಕೊಡುವ ಕೆಲಸ ಸಮಾಜದ್ದು.